ಪದಚರ್ಚೆ: ಜನ್ನನ ‘ನಲ್ಲರ ಮೆಯ್ಯೊಳ್’, ಯಾರ ಮೈ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಜನ್ನ ಕವಿಯ ಹಳಗನ್ನಡ ಕಾವ್ಯ ಯಶೋಧರ ಚರಿತೆಯ ಒಂದು ಪದದ ಬಗ್ಗೆ ಕೇಳಬೇಕಾಗಿದೆ. ಆ ಪದ ‘ನಲ್ಲರ್’. ಇದರಲ್ಲಿ ಕೇಳುವುದೇನಿದೆ ಎಂದು ತಳ್ಳಿಹಾಕಬೇಡಿ. ನಾನು ಇಪ್ಪತ್ತೇಳು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಈ ಪದವಿರುವ ಪದ್ಯವನ್ನು ತರಗತಿಯಲ್ಲಿ, ಸಭೆಗಳಲ್ಲಿ, ಗೆಳತಿಯರ ನಡುವೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಷ್ಟೂ ಸಲ ಅದಕ್ಕೆ ತಪ್ಪು ಅರ್ಥ ಕೊಟ್ಟೆನೇನೋ ಎಂಬ ಅಳುಕು ಒಂದು ತಿಂಗಳಿಂದ ಬಿಡದೆ ಹಿಡಿದಿದೆ.

ಪದ್ಯ ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಗೇ ಬರುತ್ತದೆ:

ಕರಿದಾದೊಡೆ ಕತ್ತುರಿಯಂ
ಮುರುಡಾದೊಡೆ ಮಲಯಜಂಗಳಂ ಕೊಂಕಿದೊಡೇಂ
ಸ್ಮರಚಾಪಮನಿಳಿಕೆಯ್ವರೆ
ಮರುಳೇ ಪೊಲ್ಲಮೆಯೆ ಲೇಸು ನಲ್ಲರ ಮೆಯ್ಯೊಳ್

ಸಂದರ್ಭವನ್ನು ಮರೆತವರಿಗಾಗಿ ಎರಡು ಮಾತು. ಉಜ್ಜಯಿನಿಯ ರಾಣಿ ಅಮೃತಮತಿ ಬೆಳಗಿನ ಜಾವ ಅರಸ ಯಶೋಧರನ ಮಗ್ಗುಲಲ್ಲಿ ಎಚ್ಚರಗೊಂಡಾಗ ಆನೆಯ ಲಾಯದ ಕಡೆಯಿಂದ ಒಂದು ಹಾಡು ಕೇಳಿಸುತ್ತದೆ. ಹಾಡಿದವನು ಅಷ್ಟವಂಕನೆಂಬ ಮಾವುತ. ಅವನು ಯಾರು ಎಂದು ನೋಡಿ ಬರಲು ರಾಣಿ ತನ್ನ ಕೆಳದಿಯನ್ನು ಕಳುಹಿಸುತ್ತಾಳೆ. ನೋಡಿ ಬಂದ ಕೆಳದಿ ಹಪ್ಪಳಿಸಿದ ಮೂಗು, ಮುರುಟಿದ ಕಿವಿ ಎಂದು ಅವನ ಒಂದೊಂದು ಅಂಗವನ್ನೂ ಅಸಹ್ಯದಿಂದ ಎಣಿಸಿ ಹೇಳುತ್ತಾಳೆ. ಅದಕ್ಕೆ ರಾಣಿಯ ಉತ್ತರ ಈ ಪದ್ಯ. ಕಪ್ಪಗಿದೆ ಎಂದು ಕಸ್ತೂರಿಯನ್ನು, ಗಂಟುಗಂಟಾಗಿದೆ ಎಂದು ಗಂಧದ ಮರವನ್ನು, ಬಾಗಿದೆ ಎಂದು ಕಾಮನ ಬಿಲ್ಲನ್ನು ಯಾರಾದರೂ ಹೀಗಳೆಯುತ್ತಾರೆಯೇ? ಹುಚ್ಚಿ, ನಲ್ಲರ ಮೈಯಲ್ಲಿ ಕುಂದೇ ಚೆಂದ.

‘ನಲ್ಲರ’ ಎಂದು ಬರೆದೆ. ಮೊನ್ನೆ ಮೊನ್ನೆಯವರೆಗೆ ಇಲ್ಲಿ ‘ನಲ್ಲನ’ ಎಂದೇ ಹೇಳುತ್ತಿದ್ದೆ.

ಹಾಸನದ ನಮ್ಮ ಮನೆಯಲ್ಲಿ ಭಾನುವಾರಗಳಂದು ಏಳೆಂಟು ಮಂದಿ ಸೇರಿ ಹಳಗನ್ನಡ ಓದುತ್ತೇವೆ. ಇಬ್ಬರು ನಿವೃತ್ತ ಮೇಷ್ಟರು, ಒಬ್ಬ ಬ್ಯಾಂಕಿನ ಅಧಿಕಾರಿ, ಪಕ್ಕದ ಬೀದಿಯ ಗಮಕಿ ಅಕ್ಕ, ಮೂರು ನಾಲ್ಕು ಜನ ಹುಡುಗ ಹುಡುಗಿಯರು. ಈ ಪದ್ಯ ಬಂದ ದಿನ ಅರ್ಥ ಹೇಳಿ ಮುಂದಿನ ಪದ್ಯಕ್ಕೆ ಕೈಯಿಡುತ್ತಿದ್ದೆ. ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಬೆರಳನ್ನು ಸಾಲಿನ ಮೇಲೇ ಇಟ್ಟುಕೊಂಡು ಕೇಳಿದ: “ಮೇಡಂ, ಇಲ್ಲಿ ‘ನಲ್ಲರ’ ಎಂದಿದೆ. ನೀವು ‘ನಲ್ಲನ’ ಎಂದು ಅರ್ಥ ಹೇಳಿದಿರಿ.” ಛಂದಸ್ಸಿಗೆ ಹಾಗಿರಬಹುದು ಎಂದುಬಿಟ್ಟೆ. ಗಮಕಿ ಅಕ್ಕ ಒಳ್ಳೆಯವರು, ಆದರೆ ಸುಳ್ಳನ್ನು ಸಹಿಸುವವರಲ್ಲ. “‘ನಲ್ಲನ’ ಎಂದರೂ ನಾಲ್ಕೇ ಮಾತ್ರೆ, ‘ನಲ್ಲರ’ ಎಂದರೂ ನಾಲ್ಕೇ ಮಾತ್ರೆ. ಪ್ರಾಸವೂ ಕೆಡುವುದಿಲ್ಲ,” ಎಂದರು. ನಿಜ. ಕಂದದ ನಾಲ್ಕನೆಯ ಸಾಲನ್ನು ಬಿಡಿಸಿ ನೋಡಿ: ಮರುಳೇ, ಪೊಲ್ಲಮೆ, ಯೆ ಲೇಸು, ನಲ್ಲರ, ಮೆಯ್ಯೊಳ್. ‘ನ’ ಬಂದಿದ್ದರೂ ಗಣ ಸರಿಯಾಗಿಯೇ ಕೂರುತ್ತಿತ್ತು. ಅಂದರೆ ಜನ್ನನಿಗೆ ಏಕವಚನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ಅವನು ಅದನ್ನು ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ನೀಲಿ ಶಾಯಿಯಲ್ಲಿ, ನನ್ನದೇ ಅಕ್ಷರದಲ್ಲಿ, ‘ಪ್ರಿಯಕರನ ದೇಹದಲ್ಲಿ ಕುರೂಪವೂ ಸುರೂಪವೇ’ ಎಂದಿತ್ತು. ನನ್ನ ಗುರುಗಳು ಹೇಳಿದ್ದನ್ನು ನಾನು ಬರೆದುಕೊಂಡದ್ದು, ನಾನು ಹೇಳಿದ್ದನ್ನು ನನ್ನ ವಿದ್ಯಾರ್ಥಿಗಳು ಬರೆದುಕೊಂಡದ್ದು.

ಈಗ ಪ್ರಶ್ನೆಯನ್ನು ಬಿಡಿಸಿ ಕೇಳುತ್ತೇನೆ.

‘ನಲ್ಲರ್’ ಎಂಬ ಬಹುವಚನವನ್ನು ಎರಡು ರೀತಿ ಓದಬಹುದು. ಗೌರವದ ಬಹುವಚನ ಎಂದುಕೊಂಡರೆ ರಾಣಿ ಮಾವುತನನ್ನು ‘ಅವರು’ ಎನ್ನುತ್ತಿದ್ದಾಳೆ. ಆಗ ಒಂದು ಪದದಲ್ಲಿ ಅಂತಸ್ತೇ ಬುಡಮೇಲಾಗುತ್ತದೆ. ಕಾವ್ಯ ಅವನನ್ನು ಕರೆಯುವುದು ‘ಬದಗ’ ಎಂದು, ಆಳಿಗಿಂತ ಕಡೆಯವನು ಎಂಬ ತಾತ್ಸಾರದ ಪದದಿಂದ. ಕೆಳದಿಗಂತೂ ಅವನನ್ನು ಮನುಷ್ಯನೆನ್ನುವುದಕ್ಕೇ ಹೇಸಿಕೆ. ಅಂಥವನಿಗೆ ಪಟ್ಟದ ರಾಣಿ ಬಹುವಚನ ಹಾಕಿದಳು ಎಂದರೆ ಅದು ಸಣ್ಣ ಸಂಗತಿಯಲ್ಲ.

ಇನ್ನೊಂದು, ಅದು ನಿಜವಾದ ಬಹುವಚನವೇ ಆಗಿರಬಹುದು. ಒಲಿದವರು, ಒಲಿಸಿಕೊಂಡವರು, ಪ್ರೀತಿಯಲ್ಲಿ ಬಿದ್ದ ಎಲ್ಲರೂ. ನನ್ನ ಮನಸ್ಸು ವಾಲುವುದು ಈ ಕಡೆಗೆ. ಕನ್ನಡದಲ್ಲಿ ಮನುಷ್ಯರ ವಿಷಯಕ್ಕೆ ಬಂದಾಗ ‘ಅನ್’, ‘ಅಳ್’ ಎಂಬ ಭೇದವೆಲ್ಲ ಏಕವಚನದಲ್ಲಿ ಮಾತ್ರ. ಬಹುವಚನಕ್ಕೆ ಹೋದೊಡನೆ ಗಂಡು ಹೆಣ್ಣು ಎರಡೂ ‘ಅರ್’ನಲ್ಲಿ ಕರಗುತ್ತವೆ. ಅವನ್, ಅವಳ್, ಇಬ್ಬರೂ ಸೇರಿ ಅವರ್. ನಲ್ಲನ್, ನಲ್ಲಳ್, ಇಬ್ಬರೂ ಸೇರಿ ನಲ್ಲರ್. ಇದನ್ನು ಜನ್ನನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಬ್ದಮಣಿದರ್ಪಣವೆಂಬ ಕನ್ನಡ ವ್ಯಾಕರಣವನ್ನು ಬರೆದ ಕೇಶಿರಾಜನಿಗೆ ಅವನು ಸೋದರಮಾವ. ವ್ಯಾಕರಣ ಮನೆಯಲ್ಲೇ ಉಸಿರಾಡುತ್ತಿದ್ದ ಕುಟುಂಬ ಅದು.

ಹಾಗಾದರೆ ‘ನಲ್ಲರ ಮೆಯ್ಯೊಳ್’ ಎಂದಾಗ ಅಮೃತಮತಿ ಮಾವುತನ ಮೈಯ ಬಗ್ಗೆ ಮಾತ್ರ ಹೇಳುತ್ತಿಲ್ಲ. ತನ್ನ ಮೈಯನ್ನೂ ಆ ಮಾತಿನೊಳಗೆ ಸೇರಿಸಿಕೊಂಡಿದ್ದಾಳೆ. ಹಳೆಯ ಕಾವ್ಯಗಳಲ್ಲಿ ಹೆಣ್ಣಿನ ಮೈ ನೋಡಿಸಿಕೊಳ್ಳುವುದಕ್ಕೇ ಇರುವಂಥದ್ದು. ಅದನ್ನು ಅಡಿಯಿಂದ ಮುಡಿಯವರೆಗೆ ಹೊಗಳಲು ಕವಿಗಳಿಗೆ ಸಿದ್ಧವಾದ ಸಾಲುಗಳಿದ್ದವು. ಇಲ್ಲಿ ಆ ಹೊಗಳಿಕೆಯ ಕ್ರಮವನ್ನೇ ತಿರುವಿ ಕೆಳದಿಯ ಬಾಯಲ್ಲಿ ಗಂಡಿನ ಮೈಯನ್ನು ತಲೆಯಿಂದ ಕೆಳಗೆ ಎಣಿಸಿ ತೆಗಳಿಸಿದ್ದಾನೆ ಜನ್ನ. ರಾಣಿ ಉತ್ತರ ಕೊಡುವಾಗ ಹೊಗಳುವುದೂ ಇಲ್ಲ, ಕೆಳದಿ ಹೇಳಿದ ಒಂದು ಅಂಗವನ್ನೂ ಅಲ್ಲಗಳೆಯುವುದೂ ಇಲ್ಲ. ಕಪ್ಪು, ಹೌದು. ಮುರುಡು, ಹೌದು. ಕೊಂಕು, ಹೌದು. ಅದೇ ಲೇಸು.

ಇನ್ನು ‘ಪೊಲ್ಲಮೆ’. ಇದನ್ನು ‘ಕುರೂಪ’ ಎಂದರೆ ಪದ್ಯದ ಅರ್ಧ ಜೀವ ಹೋಗುತ್ತದೆ. ‘ಪೊಲ್ಲ’ ಎಂದರೆ ಕೆಟ್ಟದ್ದು, ಹೀನವಾದದ್ದು. ನಡುಗನ್ನಡದಲ್ಲಿ ‘ಹೊಲ್ಲ’, ‘ಹೊಲ್ಲೆಹ’ ಆಗಿ ಉಳಿದುಕೊಂಡಿತು. ತಮಿಳಿನಲ್ಲಿ ಇಂದಿಗೂ ‘ಪೊಲ್ಲಾದವನ್’ ಎಂದರೆ ಕೆಟ್ಟವನು. ಅದು ರೂಪಕ್ಕೂ ಸಲ್ಲುವ ಮಾತು, ನಡತೆಗೂ ಸಲ್ಲುವ ಮಾತು. ‘ನಲ್ಲ’ದ ಮೂಲವೋ ‘ನಲ್’, ಒಳ್ಳೆಯದು. ನಲ್ಮೆ, ನಲ್ನುಡಿ ಎಲ್ಲ ಅದರ ಬಳಗವೇ. ತಮಿಳು ಮಲೆಯಾಳಗಳಲ್ಲಿ ‘ನಲ್ಲ’ ಎಂದರೆ ಬರಿಯ ‘ಒಳ್ಳೆಯ’. ನಮ್ಮಲ್ಲಿ ಆ ಒಳ್ಳೆಯವನು ಒಲಿದವನಾದ. ಈಗ ಸಾಲನ್ನು ಇನ್ನೊಮ್ಮೆ ಓದಿ: ಪೊಲ್ಲಮೆಯೆ ಲೇಸು ನಲ್ಲರ ಮೆಯ್ಯೊಳ್. ಕೆಟ್ಟದ್ದೇ ಒಳ್ಳೆಯದು, ಒಳ್ಳೆಯವರ ಮೈಯಲ್ಲಿ. ಪೊಲ್ಲ ಒಂದು ತುದಿ, ನಲ್ಲ ಇನ್ನೊಂದು ತುದಿ, ನಡುವೆ ತಕ್ಕಡಿಯ ಮುಳ್ಳಿನ ಹಾಗೆ ‘ಲೇಸು’. ‘ಲ್ಲ’ ಕಾರ ಎರಡು ಸಲ ಮರುದನಿಗೊಡುತ್ತದೆ. ‘ಪ್ರಿಯಕರ’ ಎಂಬ ಪದವನ್ನು ಅಲ್ಲಿಟ್ಟ ಮರುಕ್ಷಣ ಇದೆಲ್ಲ ಮಾಯವಾಗುತ್ತದೆ. ಗದ್ಯಾನುವಾದ ಮಾಡುವವರು ದಯವಿಟ್ಟು ‘ನಲ್ಲರು’ ಎಂಬುದನ್ನು ಹಾಗೆಯೇ ಉಳಿಸಬೇಕು ಎಂಬುದು ನನ್ನ ಕೋರಿಕೆ. ಅದು ಸತ್ತ ಪದವೇನಲ್ಲ, ಸಿನಿಮಾ ಹಾಡುಗಳಲ್ಲಿ ಇವತ್ತಿಗೂ ಕೇಳಿಸುತ್ತದೆ.

ಹೋಲಿಕೆಗಳ ಬಗ್ಗೆಯೂ ಒಂದು ಮಾತು, ಇದು ಲಿಂಗದ ಪ್ರಶ್ನೆಗೆ ಸೇರಿದ್ದೇ. ಕಸ್ತೂರಿ, ಗಂಧ ಇವೆರಡೂ ಕಣ್ಣಿಗೆ ಬೇಕಾದವಲ್ಲ, ಮೂಗಿಗೆ ಬೇಕಾದವು. ಬಿಲ್ಲು ಬಾಗದಿದ್ದರೆ ಬರೀ ಕೋಲು. ಕೊಂಕೇ ಅದರ ಕಸುವು. ಅಷ್ಟವಂಕನ ಹೆಸರಲ್ಲೇ ಎಂಟು ಕೊಂಕುಗಳಿವೆ ಎಂಬುದನ್ನು ನೆನಪಿಟ್ಟುಕೊಳ್ಳಿ. ರಾಣಿ ಅವನಿಗೆ ಮನಸ್ಸು ಕೊಟ್ಟದ್ದು ಕತ್ತಲಲ್ಲಿ, ಕಿವಿಯ ಮೂಲಕ. ಕಣ್ಣು ಅಲ್ಲಿ ಕೆಲಸ ಮಾಡಿರಲೇ ಇಲ್ಲ. ನೋಡಿದ್ದು ಕೆಳದಿ. ಅದಕ್ಕೇ ಇದರ ಜೊತೆಯ ಪದ್ಯದಲ್ಲಿ ರಾಣಿ ಕೇಳುತ್ತಾಳೆ, ‘ಒಲವಾದೊಡೆ ರೂಪಿನ ಕೋಟಲೆಯೇವುದೊ ಕಾರ್ಯಮಾಗೆ ಕಾರಣದಿಂದಂ’ ಏನು ಫಲ ಎಂದು. ‘ರೂಪಿನ ಕೋಟಲೆ’! ಕೋಟಲೆ ಎಂದರೆ ಕಾಟ, ತೊಂದರೆ. ರೂಪವನ್ನು ತೊಂದರೆ ಎಂದು ಕರೆದ ಹೆಣ್ಣು ನಮ್ಮ ಕಾವ್ಯದಲ್ಲಿ ಇನ್ನೆಲ್ಲಿದ್ದಾಳೆ? ಚೆಲುವೆ ಎಂಬುದೊಂದೇ ಕಾರಣಕ್ಕೆ ಅರಮನೆಗೆ ಬಂದವಳು ಆಡಬಹುದಾದ ಮಾತು ಅದು. ಅವಳ ತರ್ಕವನ್ನೂ ಗಮನಿಸಿ. ಕಾರ್ಯ, ಕಾರಣ, ಫಲ, ಇವು ಶಾಸ್ತ್ರದ ಪದಗಳು. ಒಲವೆಂಬ ಕಾರ್ಯ ಆಗಿಹೋಗಿದೆ, ಇನ್ನು ರೂಪವೆಂಬ ಕಾರಣವನ್ನು ಹುಡುಕುವುದು ಏಕೆ ಎಂದು ಅವಳು ವಾದ ಹೂಡುತ್ತಿದ್ದಾಳೆ. ಆಮೇಲೆ ಆ ಮಾವುತನನ್ನೇ ‘ಕುಲದೈವಂ ಕಾಮದೇವನಿಂದ್ರಂ ಚಂದ್ರಂ’ ಎನ್ನುತ್ತಾಳೆ.

ಹಾಡು ಕೇಳಿದ ಕ್ಷಣದ ಬಗ್ಗೆ ಜನ್ನ ಬಳಸಿದ ಪದವೊಂದಿದೆ, ಅದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ‘ಮನಮಂ ತೊಟ್ಟನೆ ಪಸಾಯದಾನಂಗೊಟ್ಟಳ್.’ ಪಸಾಯ ಎಂದರೆ ಪ್ರಸಾದದ ತದ್ಭವ. ಆದರೆ ಇಲ್ಲಿ ಅದು ದೇವಸ್ಥಾನದ ಪ್ರಸಾದವಲ್ಲ, ಆಸ್ಥಾನದ್ದು. ಹಾಡಿದವನಿಗೆ, ಗೆದ್ದು ಬಂದವನಿಗೆ ಅರಸ ಮೆಚ್ಚಿ ಕೊಡುವ ಉಡುಗೊರೆ. ಕೊಡುವ ಕೈ ಯಾವಾಗಲೂ ಮೇಲಿರುತ್ತದೆ. ಅರಸ ಮಲಗಿದ್ದಾನೆ. ಅವನ ಪಕ್ಕದಲ್ಲಿ ಎಚ್ಚರವಾಗಿರುವ ಹೆಣ್ಣು ಗಾಯಕನಿಗೆ ಪಸಾಯ ಕೊಡುತ್ತಿದ್ದಾಳೆ. ಭಂಡಾರ ಅವಳದಲ್ಲ, ಪಟ್ಟೆ ಪೀತಾಂಬರ ಕೊಟ್ಟರೂ ಅದು ಅರಸನದು. ಪೂರ್ತಿ ತನ್ನದು ಎನ್ನುವಂಥದ್ದು ಅವಳ ಬಳಿ ಒಂದೇ ಇದ್ದದ್ದು, ಮನಸ್ಸು. ‘ಮನಸೋತಳು’ ಎಂದು ನಾವು ಪಾಠ ಹೇಳುತ್ತೇವೆ. ಸೋಲು ಎಲ್ಲಿಂದ ಬಂತು? ಪದ್ಯದಲ್ಲಿ ಕೊಡುವುದಿದೆ, ಸೋಲುವುದಿಲ್ಲ. ಗಂಡು ಒಲಿದರೆ ಗೆದ್ದ, ಹೆಣ್ಣು ಒಲಿದರೆ ಸೋತಳು ಎಂಬ ನುಡಿಗಟ್ಟು ನಮ್ಮ ನಾಲಿಗೆಯ ಮೇಲೆ ಎಷ್ಟು ಸಲೀಸಾಗಿ ಕುಳಿತಿದೆ ಎಂದರೆ ಮೂಲದಲ್ಲಿ ಇಲ್ಲದಿದ್ದರೂ ಅದು ತಾನೇ ಬಂದು ಸೇರಿಕೊಳ್ಳುತ್ತದೆ. ಪಸಾಯವನ್ನು ಹೆಣ್ಣೊಬ್ಬಳು ಕೊಡುವ ಪ್ರಯೋಗಗಳು ಶಾಸನಗಳಲ್ಲೋ ಬೇರೆ ಕಾವ್ಯಗಳಲ್ಲೋ ನಿಮಗೆ ಕಂಡಿದ್ದರೆ ದಯವಿಟ್ಟು ತಿಳಿಸಿ.

ಇಷ್ಟು ಹೇಳಿದ ಮೇಲೆ ಜನ್ನ ಅಮೃತಮತಿಯ ಪಕ್ಷದವನು ಎಂದು ಸಾಧಿಸಹೊರಟಿದ್ದೇನೆ ಎಂದು ಯಾರೂ ತಿಳಿಯಬಾರದು. 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿ ಈ ಕಾವ್ಯವನ್ನು ಮುಗಿಸಿದ ಕವಿಚಕ್ರವರ್ತಿಗೆ ಹೇಳಬೇಕಾಗಿದ್ದದ್ದು ಅಹಿಂಸೆಯ ಕಥೆ. ಬಲಿಯೆಂದು ಹಿಟ್ಟಿನ ಕೋಳಿಯನ್ನು ಕೊಯ್ದ ಸಂಕಲ್ಪಹಿಂಸೆಯೂ, ಅಂದರೆ ಮನಸ್ಸಿನಲ್ಲಿ ಮಾತ್ರ ನಡೆದ ಹಿಂಸೆಯೂ, ಜನ್ಮಜನ್ಮಾಂತರಗಳಲ್ಲಿ ಕಾಡುತ್ತದೆ ಎಂಬುದು ಅವನ ಜೈನಧರ್ಮದ ತಿರುಳು. ವಾದಿರಾಜನ ಸಂಸ್ಕೃತ ಕೃತಿ ಅವನ ಮುಂದಿತ್ತು. ಅದಕ್ಕೂ ಹಿಂದೆ 959ರಲ್ಲೇ ಸೋಮದೇವಸೂರಿ ಇದೇ ಕಥೆಯನ್ನು ಹಿಗ್ಗಿಸಿ ಬರೆದಿದ್ದ. ರಾಣಿ ಮುಂದೆ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಲ್ಲುತ್ತಾಳೆ, ನರಕಕ್ಕೆ ಹೋಗುತ್ತಾಳೆ. ನಾನು ಅದನ್ನು ಮರೆಮಾಚುವುದಿಲ್ಲ. ಮಾವುತನ ಹತ್ತಿರ ಅವಳು ಪಟ್ಟ ಪಾಡೂ ಅಷ್ಟೇ ಕಠಿಣವಾದದ್ದು. ತಡವಾಗಿ ಹೋದ ರಾತ್ರಿ ಅವನು ಮುಡಿ ಹಿಡಿದೆಳೆದು ಹೊಡೆಯುತ್ತಾನೆ. ಅವಳು ಅವನ ಕಾಲ ಬಳಿ ಬಿದ್ದು ಬೇಡುತ್ತಾಳೆ. ಕತ್ತಿ ಹಿರಿದು ಮರೆಯಲ್ಲಿ ನಿಂತ ಯಶೋಧರ ಅದನ್ನು ನೋಡುತ್ತಾನೆ. ಮರುದಿನ ಅವನು ನೆಯ್ದಿಲ ಹೂವಿನಿಂದ ಮೆಲ್ಲಗೆ ತಾಗಿಸಿದರೆ ಅವಳು ಮೂರ್ಛೆ ಹೋದವಳಂತೆ ಬೀಳುತ್ತಾಳೆ. ಈ ಹೊಡೆತಗಳನ್ನು ಒಲವಿನ ಆಳಕ್ಕೆ ಸಾಕ್ಷಿ ಎಂದು ಓದುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೊಡೆತ ಹೊಡೆತವೇ. ಪೊಲ್ಲಮೆ ಮೈಯಲ್ಲಿದ್ದರೆ ಲೇಸು ಎಂದಳು ಅವಳು, ಕೈಯಲ್ಲಿದ್ದರೂ ಲೇಸು ಎನ್ನಲಿಲ್ಲ.

ಆ ಬೇಡಿಕೆಯ ಮಾತಿನಲ್ಲಿ ಒಂದು ವಿಶೇಷವಿದೆ. ನೀನು ಕೈಬಿಟ್ಟರೆ ಸಾಯುತ್ತೇನೆ, ಉಳಿದ ಗಂಡಸರೆಲ್ಲ ನನಗೆ ಒಡಹುಟ್ಟಿದವರಂತೆ ಎಂಬರ್ಥದ ಮಾತನ್ನು ಅವಳು ಆಡುತ್ತಾಳೆ. ‘ಪರನಾರೀಸಹೋದರ’ ಎಂಬುದು ವೀರರು ತಮ್ಮ ಹೆಸರಿನ ಹಿಂದೆ ಮುಂದೆ ಹೊತ್ತುಕೊಳ್ಳುತ್ತಿದ್ದ ಬಿರುದು. ಅದರ ಹೆಣ್ಣು ರೂಪ ಭಾಷೆಯಲ್ಲಿ ಇಲ್ಲ, ಇರಬೇಕಾದ ಅಗತ್ಯವೇ ಯಾರಿಗೂ ಕಾಣಲಿಲ್ಲ. ಹೆಣ್ಣಿಗೆ ‘ಪತಿವ್ರತೆ’ ಎಂಬ ಪದವೊಂದೇ ಸಾಕಾಗಿತ್ತು. ಅಮೃತಮತಿ ಗಂಡಿನ ಆ ಬಿರುದನ್ನು ತನ್ನ ಮಾತಿನಲ್ಲಿ ತಾನೇ ತೊಟ್ಟುಕೊಂಡಳು. ಅದೂ ಕೈಹಿಡಿದವನನ್ನು ಬಿಟ್ಟು, ಮನಸ್ಸು ಕೊಟ್ಟವನ ಮುಂದೆ.

ಕವಿಯ ಪದವೊಂದು, ಪಾತ್ರದ ಪದವೊಂದು. ಈ ಬಿರುಕಿನಲ್ಲೇ ನನ್ನ ಪ್ರಶ್ನೆ ಹುಟ್ಟಿದ್ದು. ನಡೆದದ್ದಕ್ಕೆ ಕವಿ ಕೊಡುವ ಹೆಸರು ‘ಮನಸಿಜನ ಮಾಯೆ’. ‘ಮನಸಿಜನ ಮಾಯೆ ವಿಧಿವಿಳಸನದ ನೆರಂಬಡೆಯೆ ಕೊಂದು ಕೂಗದೆ ನರರಂ’ ಎಂಬ ಸಾಲು ಗಾದೆಯಂತೆ ಊರೆಲ್ಲ ಓಡಾಡುತ್ತದೆ. ರಾಣಿ ಕೊಡುವ ಹೆಸರು ‘ಒಲವು’. ಒಂದೇ ಸಂಗತಿ, ಎರಡು ಪದ. ಕವಿಯ ಸಾಲಿನಲ್ಲೂ ‘ನರರಂ’ ಎಂದಿದೆ, ನೋಡಿ. ಮಾಯೆ ಕೊಲ್ಲುವುದು ನರರನ್ನು, ಎಲ್ಲರನ್ನೂ. ‘ಹೆಣ್ಣನ್ನು’ ಎಂದು ಅವನು ಹೇಳಲಿಲ್ಲ. ನಾವು ಹೇಳಿದೆವು. ಗ್ರಂಥಾಲಯವೊಂದರಿಂದ ತಂದ ಪ್ರತಿಯಲ್ಲಿ ಈ ಭಾಗದ ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ‘ಜಾರೆ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಕಾಗದ ಹರಿಯುವಷ್ಟು ಒತ್ತಿ ಎಳೆದ ಗೆರೆ. ಮಾವುತನ ಅಂಗಗಳ ಪದ್ಯದ ಪಕ್ಕದಲ್ಲಿ ಅದೇ ಅಕ್ಷರದಲ್ಲಿ ‘ಒಳ್ಳೆಯ ವರ್ಣನೆ’ ಎಂದಿತ್ತು.

ಜನ್ನನದೇ ಅನಂತನಾಥ ಪುರಾಣದಲ್ಲಿ, 1230ರ ಕೃತಿಯದು, ಚಂಡಶಾಸನನ ಕಥೆ ಬರುತ್ತದೆ. ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಬಯಸಿ ಕದ್ದೊಯ್ದವನು. ಗಂಡ ಸತ್ತನೆಂದು ನಂಬಿಸಿದಾಗ ಸುನಂದೆ ಪ್ರಾಣ ಬಿಡುತ್ತಾಳೆ. ಚಂಡಶಾಸನ ಅವಳ ಚಿತೆಗೇ ಬೀಳುತ್ತಾನೆ. ತರಗತಿಯಲ್ಲಿ ಅವನನ್ನು ನಾವು ‘ದುರಂತ ನಾಯಕ’ ಎಂದು ಕಲಿಸುತ್ತೇವೆ, ಹುಡುಗರು ಮರುಗುತ್ತಾರೆ. ಅವನು ಬಯಸಿದವಳು ಅವನನ್ನು ಬಯಸಿರಲಿಲ್ಲ. ಅಮೃತಮತಿಯನ್ನು ಕಲಿಸುವಾಗ ಮಾತ್ರ ನಮ್ಮ ಬಾಯಲ್ಲಿ ಬರುವುದು ಬೇರೆ ಪದಗಳು.

ಇನ್ನೊಂದು ಸೂಕ್ಷ್ಮ. ಯಶೋಧರ ಚರಿತೆಯಲ್ಲಿ ಈ ಕಥೆಯನ್ನು ಮಾರಿದತ್ತ ರಾಜನ ಮುಂದೆ ಹೇಳುತ್ತಿರುವವನು ಅಭಯರುಚಿ. ಹಿಂದಿನ ಜನ್ಮವೊಂದರಲ್ಲಿ ಅವನೇ ಯಶೋಧರ, ಅಮೃತಮತಿಯ ಗಂಡ. ಅಂದರೆ ‘ಪೊಲ್ಲಮೆಯೆ ಲೇಸು ನಲ್ಲರ ಮೆಯ್ಯೊಳ್’ ಎಂಬ ಮಾತು ನಮಗೆ ತಲುಪುವುದು ವಂಚಿತನಾದ ಗಂಡನ ಬಾಯಿಂದ, ಹಲವು ಜನ್ಮಗಳ ಆಚೆಯಿಂದ, ತನ್ನನ್ನೇ ಬಲಿ ಕೊಡಲು ಕರೆತಂದ ದೇಗುಲದ ಮುಂದೆ ನಿಂತು. ವಿಷ ತಿಂದವನು ವಿಷವಿಕ್ಕಿದವಳ ವಾದವನ್ನು ಒಂದು ಮಾತ್ರೆಯೂ ಕುಗ್ಗಿಸದೆ ಒಪ್ಪಿಸುತ್ತಾನೆ. ಎಷ್ಟು ನವಿಲು, ಮೀನು, ಆಡಿನ ಮೈ ಹೊಕ್ಕು ಬಂದ ಮೇಲೆ ಆ ಮಾತು ಅವನಿಗೆ ಅರ್ಥವಾಯಿತೋ ಎಂದು ಯೋಚಿಸುತ್ತೇನೆ. ಆಗ ‘ನಲ್ಲರ’ ಎಂಬಲ್ಲಿ ಬಹುವಚನ ಇನ್ನಷ್ಟು ಭಾರವಾಗುತ್ತದೆ. ಗಿರೀಶ ಕಾರ್ನಾಡರು ಈ ಕಥೆಯನ್ನು ‘ಹಿಟ್ಟಿನ ಹುಂಜ’ವಾಗಿ ನಾಟಕಕ್ಕೆ ತಂದಾಗ ರಾಣಿಯೇ ನಡುಮನೆಗೆ ಬಂದಳು, ಅದು ನಿಮಗೆಲ್ಲ ಗೊತ್ತಿರುವುದೇ. ಆ ಬೀಜ ಜನ್ನನ ಪದ್ಯದಲ್ಲೇ ಇತ್ತು ಎಂದು ನಾನು ನಂಬಿದ್ದೇನೆ.

ಈಗ ಬಳಕೆಯ ಪ್ರಶ್ನೆಗೆ ಬರುತ್ತೇನೆ. ಇದನ್ನು ಕೇಳಲೆಂದೇ ಈ ಓಲೆ ಇಷ್ಟು ಉದ್ದವಾಯಿತು.

ಆ ಭಾನುವಾರ ಎಲ್ಲರೂ ಹೋದ ಮೇಲೆ ಆ ಹುಡುಗ ಹಿಂದೆ ಉಳಿದ. ಕಾಫಿ ಲೋಟ ತೊಳೆಯಲು ನೆರವಾದ. ಆಮೇಲೆ ಕೇಳಿದ: “ಹೆಣ್ಣೋ ಗಂಡೋ ಎಂದು ಹೇಳದೆ, ಪ್ರೀತಿಸುವವರನ್ನು ಕರೆಯುವುದಕ್ಕೆ ಕನ್ನಡದಲ್ಲಿ ಏಕವಚನದ ಪದ ಇದೆಯೇ ಮೇಡಂ?” ನಲ್ಲ, ನಲ್ಲೆ. ಇನಿಯ, ಇನಿಯಳು. ಗೆಳೆಯ, ಗೆಳತಿ. ಪ್ರಿಯ, ಪ್ರಿಯೆ. ಒಂದೊಂದನ್ನೇ ಹೇಳುತ್ತಾ ಹೋದೆ, ಒಂದೊಂದೂ ಬಾಗಿಲಲ್ಲೇ ನಿಂತು ಗಂಡೋ ಹೆಣ್ಣೋ ಎಂದು ಕೇಳುತ್ತಿತ್ತು. ಕೊನೆಗೆ ‘ಸಂಗಾತಿ’ ಎಂದೆ. “ಅದು ಅರ್ಜಿಯಲ್ಲಿ ತುಂಬುವ ಪದದ ಹಾಗಿದೆ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಮನೆಯಲ್ಲಿ ಮಾತು ಬಂದಾಗ ನಾನು ‘ಅವರು’ ಎನ್ನುತ್ತೇನೆ. ಅಮ್ಮ ಅದನ್ನು ಮರ್ಯಾದೆ ಎಂದುಕೊಂಡಿದ್ದಾಳೆ,” ಎಂದ. ನಾನು ಮುಂದೆ ಏನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಭಾರತೀಯ ದಂಡಸಂಹಿತೆಯ 377ನೇ ಕಲಮಿನ ತೀರ್ಪು ಕೊಟ್ಟು, ಒಂದೇ ಲಿಂಗದವರಾದರೂ ಒಪ್ಪಿ ಕೂಡುವ ವಯಸ್ಕರ ಸಂಬಂಧ ಅಪರಾಧವಲ್ಲ ಎಂದಿತು. ಕನ್ನಡ ಪತ್ರಿಕೆಗಳಲ್ಲಿ ಆ ಸುದ್ದಿ ‘ಸಲಿಂಗಕಾಮ’ ಎಂಬ ಪದದಲ್ಲಿ ಬಂತು. ಗಂಡು ಹೆಣ್ಣು ಕೂಡಿದರೆ ಅದಕ್ಕೆ ಪ್ರೇಮ, ಒಲವು, ದಾಂಪತ್ಯ ಎಂದು ಬೇಕಾದಷ್ಟು ಹೆಸರು. ಇವರಿಗೆ ಮಾತ್ರ ‘ಕಾಮ’. ಈಗೀಗ ‘ಸಲಿಂಗಪ್ರೇಮ’ ಎಂದು ಬರೆಯುವವರಿದ್ದಾರೆ, ಅದು ನನಗೆ ಸಂತೋಷದ ವಿಷಯ. ಅಮೃತಮತಿಗೆ ಆದದ್ದೂ ಇದೇ ಅಲ್ಲವೇ? ಅವಳು ಒಲವು ಎಂದದ್ದನ್ನು ಓದಿದವರು ಕಾಮ ಎಂದು ತಿದ್ದಿಕೊಂಡರು. ಅವಳು ನಲ್ಲರು ಎಂದದ್ದನ್ನು ನಾನೇ ನನ್ನ ಕೈಯಾರೆ ನಲ್ಲ ಎಂದು ತಿದ್ದಿದೆ.

ಜೇಡರ ದಾಸಿಮಯ್ಯನ ವಚನ ನಿಮಗೆ ನೆನಪಾಗಿರಬಹುದು: ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥಾ.’ ಬಳಗದಲ್ಲಿ ಲಿಂಗದ ಮಾತು ಬಂದಾಗಲೆಲ್ಲ ಈ ವಚನ ಬರುತ್ತದೆ, ಬರಬೇಕಾದದ್ದೇ. ಆದರೆ ಅಲ್ಲಿ ಹೆಣ್ಣು ಗಂಡು ಅಳಿಯುವುದು ಆತ್ಮದಲ್ಲಿ. ಮೊಲೆ ಮುಡಿ ಗಡ್ಡ ಮೀಸೆಗಳನ್ನು ದಾಟಿ ಒಳಗೆ ಹೋಗಬೇಕು. ಜನ್ನನ ರಾಣಿ ಹಾಗೆ ದಾಟುವುದಿಲ್ಲ. ಅವಳ ಬಹುವಚನ ಮೈಯಲ್ಲೇ ನಿಂತಿದೆ. ‘ನಲ್ಲರ ಮೆಯ್ಯೊಳ್.’ ಕಪ್ಪಾದ, ಮುರುಡಾದ, ಕೊಂಕಿದ ಮೈ. ಅದನ್ನು ಬಿಟ್ಟುಕೊಡದೆಯೇ ಅವಳ ಪದ ಗಂಡು ಹೆಣ್ಣೆಂಬ ಗೆರೆಯಿಂದ ಆಚೆ ಬಂದಿದೆ. ಆ ಹುಡುಗನಿಗೆ ಬೇಕಾಗಿದ್ದದ್ದು ಇಂಥದ್ದೇ ಪದ ಎಂದು ನನಗೆ ಅನ್ನಿಸುತ್ತದೆ. ಆತ್ಮಕ್ಕೆ ಲಿಂಗವಿಲ್ಲ ಎಂದು ಅವನಿಗೆ ಸಮಾಧಾನ ಹೇಳಿದರೆ ಅದು ಅವನ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಹಾಗಾಗಿ ಕೇಳುತ್ತೇನೆ. ‘ನಲ್ಲರು’ ಎಂಬುದನ್ನು ಇಂದಿನ ಬರಹದಲ್ಲಿ ಒಬ್ಬರನ್ನೇ ಕುರಿತು ಬಳಸಬಹುದೇ? ‘ನನ್ನ ನಲ್ಲರು ಬಂದರು’ ಎಂದರೆ ಓದುಗರ ಕಿವಿಗೆ ಹೇಗೆ ಕೇಳಿಸುತ್ತದೆ? ‘ನಮ್ಮ ಯಜಮಾನರು’, ‘ನಮ್ಮ ಮನೆಯವರು’ ಎಂದು ಹೇಳುವ ಭಾಷೆಗೆ ಇದು ಅಸಹಜವಾಗಬಾರದು. ‘ಮನೆಯವರು’ ಎಂಬ ಪದವನ್ನೇ ನೋಡಿ, ಗಂಡನೂ ಹೆಂಡತಿಯೂ ಇಬ್ಬರೂ ಒಬ್ಬರನ್ನೊಬ್ಬರು ಅದರಿಂದಲೇ ಕರೆಯುತ್ತಾರೆ, ಕೇಳಿದವರು ಗೊಂದಲಪಡುವುದಿಲ್ಲ. ನಿಮ್ಮ ಕಡೆಯ ಆಡುಮಾತಿನಲ್ಲಿ ಇಂಥ ಬೇರೆ ಪದಗಳಿದ್ದರೆ, ಮಲೆನಾಡಾಗಲಿ ಕರಾವಳಿಯಾಗಲಿ ಕಲ್ಯಾಣ ಕರ್ನಾಟಕವಾಗಲಿ, ಬರೆದು ತಿಳಿಸಿ.

ಹಳೆಯ ಪಠ್ಯಗಳ ಬಗ್ಗೆ ಕೇಳಬೇಕಾದದ್ದು ಇನ್ನೂ ಇದೆ. ‘ನಲ್ಲರ್’ ಎಂದು ಒಬ್ಬನನ್ನೇ ಗೌರವದಿಂದ ಕರೆದ ಪ್ರಯೋಗಗಳನ್ನು, ಮುಖ್ಯವಾಗಿ ಮೇಲಿನ ಅಂತಸ್ತಿನವರು ಕೆಳಗಿನವರನ್ನು ಹಾಗೆ ಕರೆದದ್ದನ್ನು ಯಾರಾದರೂ ನೋಡಿದ್ದೀರಾ? ನೇಮಿಚಂದ್ರನ ಲೀಲಾವತಿಯನ್ನು ನಾನು ಈಗ ಈ ಕಣ್ಣಿನಿಂದ ಮತ್ತೆ ಓದಲು ಶುರುಮಾಡಿದ್ದೇನೆ. ತಾಳೆಗರಿಗಳ ಪಾಠಾಂತರಗಳನ್ನು ಕೊಡುವ ಆವೃತ್ತಿ ಕೈಯಲ್ಲಿದ್ದವರು ನಾಲ್ಕನೆಯ ಸಾಲಿನ ಕೆಳಗೆ ಏನಾದರೂ ಅಡಿಟಿಪ್ಪಣಿ ಇದೆಯೇ ನೋಡಿ. ಎಲ್ಲಾದರೂ ‘ನಲ್ಲನ’ ಎಂಬ ಪಾಠ ಸಿಕ್ಕರೆ ನನ್ನ ವಾದ ಬಿದ್ದುಹೋಗುತ್ತದೆ. ಆದರೂ ತಿಳಿಸಿ.

ಬರುವ ಭಾನುವಾರ ನಾವು ಅದೇ ಪದ್ಯವನ್ನು ಇನ್ನೊಮ್ಮೆ ತೆಗೆದುಕೊಳ್ಳುತ್ತಿದ್ದೇವೆ. ಗಮಕಿ ಅಕ್ಕ ಮೋಹನ ರಾಗದಲ್ಲಿ ಹಾಡುತ್ತೇನೆ ಎಂದಿದ್ದಾರೆ. ಅರ್ಥವನ್ನು ಈ ಸಲ ಆ ಹುಡುಗನೇ ಹೇಳುತ್ತಾನೆ.